ಹಿಟ್ಟಿನ ಬೆರಳು

ಕಾರಿನ ಗಾಜು ಏರಿಸಿಬಿಟ್ಟ, ಧೂಳಿಗೆ ಹೆದರಿ, ಇಷ್ಟೇ ನೋಡು ಇವನ ಯೋಗ್ಯತೆ ಅಂದುಕೊಂಡಳು ಮಾಲಾ, ಬಾಗಲೂರು ರಸ್ತೆಯ ಧೂಳು, ಗುಲಾಬಿ ತೋಟಕ್ಕೆ ಹೊಡೆದ ಔಷಧಿಯ ಘಾಟು, ಹೊಸ ಲೇಔಟಿನ ಕೆಮ್ಮಣ್ಣು, ಶಿಫ್ಟು ಬಿಟ್ಟ ಫ್ಯಾಕ್ಟರಿ ಬಸ್ಸುಗಳ ಹೊಗೆ, ಇವೆಲ್ಲ ಕಲೆತ ಗಾಳಿಯ ಬಗ್ಗೆ ಗಡಿನಾಡಿನ ಉಸಿರು ಅಂತ ಉದ್ದುದ್ದ ಪ್ರಬಂಧ ಬರೆದವನು ಇವನೇ ಅಲ್ಲವೆ, ಬರೆಯುವಾಗ ಎದೆತುಂಬ ಎಳೆದುಕೊಂಡದ್ದು ನಿಜವಾಗಿ ಮೂಗಿಗೆ ಬಡಿದರೆ ಮಾತ್ರ ಗಾಜು ಬೇಕು, ಏಸಿ ಬೇಕು, ಡ್ರೈವರ್ ಅವರೇ ಸ್ವಲ್ಪ ಜಾಸ್ತಿ ಮಾಡ್ತೀರಾ — ಡ್ರೈವರಿಗೂ ಬಹುವಚನ, ಆ ನಾಜೂಕಿಗೇನೂ ಕಡಿಮೆಯಿಲ್ಲ, ಡ್ರೈವರು ಕನ್ನಡಿಯಲ್ಲಿ ಒಂದು ಸಲ ನೋಡಿ ಸರಿಂಗ ಸಾರ್ ಅಂದು ಏಸಿಯನ್ನು ಇದ್ದಲ್ಲೇ ಬಿಟ್ಟ, ಅಷ್ಟರಮಟ್ಟಿಗೆ ಅವನ ಮೇಲೆ ಮಾಲಾಗೆ ಪ್ರೀತಿ ಬಂತು. ಅನಿರುದ್ಧ, ಪ್ರೊಫೆಸರ್ ಅನಿರುದ್ಧ, ಬಸವನಗುಡಿಯಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಯೂರಿದವನು, ಚಳಿ ಜಾಸ್ತಿಯಾದಾಗ ಇಲ್ಲಿಗೆ ಇಳಿದುಬಂದು ಹೊಸೂರು ಸೀಮೆಯ ಒಕ್ಕಲು ಮನೆಗಳ ಒಲೆ ಮುಂದೆ ಕೂತು ತಲೆ ಅಲ್ಲಾಡಿಸಿ ಹೋಗುವವನು, ಖಾದಿ ಜುಬ್ಬ, ಭುಜಕ್ಕೆ ಜೋಳಿಗೆ, ಜೋಳಿಗೆಯೊಳಗೆ ಕುದಿಸಿ ಆರಿಸಿದ ನೀರು, ಈ ನೀರಿನ ಬಾಟಲಿಯನ್ನು ಯಾರೂ ನೋಡದಂತೆ ಕುಡಿಯುತ್ತಾನೆ, ಅದೂ ಅವಳ ಕಣ್ಣಿಗೆ ಬಿದ್ದಿದೆ. ಇನ್ನು ಸ್ವಲ್ಪ ಹೊತ್ತು, ಕೆರೆ ಏರಿ ದಾಟಿದರೆ ಊರು, ಊರಲ್ಲಿ ಮಂಗಮ್ಮತ್ತೆಯ ಮನೆ, ಅಲ್ಲಿಗೆ ಇವನ ಬಾಯಿ ಮುಚ್ಚಿತು, ಈ ಪ್ರಯಾಣ ಇರುವುದೇ ಅದಕ್ಕೆ.

ಬಾಯಿ ಮುಚ್ಚಿಸುವುದು ಸುಲಭವಲ್ಲ, ಈ ಜನರದ್ದು ಮಾತು ಶುರುವಾಗುವುದೇ ತಪ್ಪೊಪ್ಪಿಗೆಯಿಂದ, ಎದ್ದು ನಿಂತು ಮೈಕು ಸರಿಮಾಡಿಕೊಂಡು, ನಾನು ಮೇಲ್ಜಾತಿಯವನು, ಗಂಡಸು, ಪೇಟೆಯವನು, ಹೊರದೇಶದಲ್ಲಿ ಕೂತು ಮಾತಾಡುತ್ತಿರುವವನು, ಇದರ ಅರಿವು ನನಗಿದೆ — ಅಂದದ್ದೇ ತಡ ಮುಂದಿನ ಒಂದು ಗಂಟೆ ಯಾರಿಗೂ ಮಾತಾಡಲು ಬಿಡುವುದಿಲ್ಲ, ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ, ಪಾಪವನ್ನು ಹೇಳಿಯಾಯಿತಲ್ಲ, ಇನ್ನು ಜಾಗ ನನ್ನದು. ಎಷ್ಟು ಜನರನ್ನು ನೋಡಿದಳು ಮಾಲಾ, ಪಾಠ ಹೇಳಲು ಹೋದ ಆ ಡೆನ್ಮಾರ್ಕಿನಲ್ಲಿ ಕೂತು, ದೇಶ ಬಿಟ್ಟುಬಂದು ದೇಶದ ಮೇಲೆಯೇ ಹೊಟ್ಟೆ ಹೊರೆಯುವ ಪಂಡಿತರನ್ನು, ಒಬ್ಬಾಕೆ ದೆಹಲಿಯವಳು, ಮನೆಗೆಲಸದ ಹೆಂಗಸರ ಬಗ್ಗೆ ಕಣ್ಣೀರು ಬರುವಂತೆ ಬರೆದವಳು, ಊರಿಗೆ ಹೋದರೆ ಕೂತಲ್ಲಿಗೇ ಕಾಫಿ ತರಿಸಿಕೊಳ್ಳುತ್ತಾಳೆ, ಮತ್ತೊಬ್ಬ ಹಿರಿಯ, ಊರು ಬಿಟ್ಟ ಮೇಲೆ ತಿರುಗಿ ನೋಡದವನು, ಅವನ ಪುಸ್ತಕಗಳಲ್ಲಿ ಜನ ಇನ್ನೂ ಟ್ರಂಕ್ ಕಾಲಿಗೆ ಕಾದು ಕೂತಿರುತ್ತಾರೆ, ದೇಶ ಬದಲಾಯಿತು ಸಾರ್ ಅಂದರೆ ಅವನಿಗೆ ಸಿಟ್ಟು, ಯಾರನ್ನು ಕೇಳಿ ಬದಲಾಯಿತು ಅನ್ನುವಂತೆ. ಇನ್ನು ಆ ಬಿಳಿಯರು, ನಿಮ್ಮ ಜನ ಇದಕ್ಕೆ ಏನನ್ನುತ್ತಾರೆ ಮಾಲಾ, ನಿಮ್ಮ ಜನ, ಅವಳ ಬಾಯಿಂದ ಬಂದದ್ದೆಲ್ಲ ಒಂದು ಊರಿನ ತೀರ್ಪು ಅನ್ನುವ ಹಾಗೆ, ಮೊದಲ ವರ್ಷ ತಮಿಳಿನವಳು ಅಂತ ಬರೆದುಕೊಂಡರು, ಮನೆಮಾತು ಕನ್ನಡ ಅಂದಳು, ಓ ಹಾಗಾದರೆ ನೀವು ಅಲ್ಪಸಂಖ್ಯಾತರೆ ಅಂದರು, ಬಾಗಲೂರಿನ ಶಾಲೆಯಲ್ಲಿ ಬೆಳಿಗ್ಗೆ ಕನ್ನಡ, ಬಸ್ಸಿನಲ್ಲಿ ತೆಲುಗು, ತಾಲೂಕಾಫೀಸಿನಲ್ಲಿ ತಮಿಳು, ಯಾವುದರಲ್ಲಿ ಬೈದರೂ ಅರ್ಥವಾಗುವ ನಾಡಿನಲ್ಲಿ ಬೆಳೆದವಳು ಒಂದು ಕ್ಷಣ ತಬ್ಬಿಬ್ಬಾಗಿ, ಹೌದು ಅಂದಳು, ಅನ್ನುತ್ತಲೇ ಎಲ್ಲರೂ ಸ್ವಲ್ಪ ಮುಂದಕ್ಕೆ ಬಾಗಿ ಕೂತರು. ಮೂರ್ಖರು. ಆದರೆ ಬಾಗಿದ್ದು ಒಳ್ಳೆಯದೇ ಆಯಿತು. ಬೇರೆಯವರು ತಾವು ನಿಂತ ಜಾಗವನ್ನು ಕೊರಗುತ್ತ ಒಪ್ಪಿಕೊಳ್ಳಬೇಕು, ಮಾಲಾಗೆ ಆ ಕರ್ಮವಿಲ್ಲ, ಮಾಲಾ ಒಳಗಿನವಳು, ಸೆಗಣಿ ಬಳಿದವಳು, ರಾಗಿ ತೆನೆ ಕೊಯ್ದವಳು, ಇದನ್ನು ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ, ಹೇಳದೆಯೇ ಎಲ್ಲರಿಗೂ ಗೊತ್ತಾಗುವ ಹಾಗೆ ನೋಡಿಕೊಂಡಳು.

ಅದರ ಮೇಲೆಯೇ ನಿಂತದ್ದು ಅವಳ ಪುಸ್ತಕ, ಬೆರಳು ಕೊಡುವುದರ ಮೇಲೆ ಬರೆದದ್ದು — ಮನೆಯ ಮೊದಲ ಹೆಣ್ಣುಮಗುವಿಗೆ ಕಿವಿ ಚುಚ್ಚಿಸುವಾಗ ತಾಯಿಯಾದವಳು ಬಲಗೈಯ ಬೆರಳಿನ ಗೆಣ್ಣು ಕತ್ತರಿಸಿ ಮನೆದೇವರಿಗೆ ಒಪ್ಪಿಸುವುದು, ಅಜ್ಜಿಯ ಅಜ್ಜಿಯ ಕಾಲದ ಮಾತು, ಸರ್ಕಾರ ಕೂಡದು ಅಂದಿತು, ಜನವೂ ಬಿಟ್ಟರು, ಬದಲಿಗೆ ತಂಬಿಟ್ಟಿನ ಹಿಟ್ಟಿನಲ್ಲಿ ಒಂದು ಬೆರಳು ಮಾಡಿ, ಎಡೆಯಿಟ್ಟು, ಚಾಕುವಿನಲ್ಲಿ ತುದಿ ಕೊಯ್ದು ದೇವರ ಮುಂದೆ ಬಿಡುತ್ತಾರೆ, ದೇವರೂ ಸುಮ್ಮನಿದ್ದಾನೆ. ಆದರೆ ದೊರೆಗಳ ಕಾಲದ ಹಳೇ ವರದಿ ಓದಿದವರು ಸುಮ್ಮನಿರಬೇಕಲ್ಲ, ನಿಜವಾದ ಮೋಟು ಬೆರಳು ಎಲ್ಲಿ, ಎಲ್ಲಿ ಅಂತ ಹಳ್ಳಿ ಹಳ್ಳಿ ಸುತ್ತಿ ಮುದುಕಿಯರ ಕೈ ಮಗುಚಿ ನೋಡಿದರು, ಮಾಲಾ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಜಾಡಿಸಿದಳು, ಊರೂರಿನ ಹೆಂಗಸರನ್ನು ಮಾತಾಡಿಸಿ, ರಾಯಕೋಟೆ ಕಡೆ, ಬಾಗಲೂರು ಕಡೆ, ಯಾರ ನೆನಪಲ್ಲೂ ಹಿಟ್ಟಿನ ಬೆರಳಲ್ಲದೆ ಬೇರೆ ಬೆರಳಿಲ್ಲ, ಇದ್ದದ್ದು ನಿಮ್ಮ ಹಸಿವಿನಲ್ಲಿ ಮಾತ್ರ ಅಂತ ಬರೆದಳು, ಆ ಸಾಲನ್ನು ಎಲ್ಲರೂ ಉದ್ಧರಿಸಿದರು. ಉದ್ಧರಿಸದವನು ಇವನೊಬ್ಬ. ಒಳಗಿನವರಿಗೆ ನಾಚಿಕೆಯಿರುತ್ತದೆ, ನಾಚಿಕೆಯಿದ್ದಲ್ಲಿ ಮರೆವು ಇರುತ್ತದೆ, ಕದ್ದುಮುಚ್ಚಿ ಈಚಿನವರೆಗೂ ನಡೆದಿರಬೇಕು, ಮಾಲಾ ಅವರಿಗೆ ಅದು ಕಾಣುವುದಿಲ್ಲ ಏಕೆಂದರೆ ಅದು ಅವರ ಮನೆ — ಹೀಗಂತ ಅಚ್ಚುಹಾಕಿಸಿದ, ನಗುನಗುತ್ತಾ, ಗೌರವಪೂರ್ವಕವಾಗಿ. ಅವಳೂ ಬರೆದಳು, ಅವನೂ ಬರೆದ, ಜಗಳ ನೋಡಿ ಯಾರೋ ಪ್ರಕಾಶಕರಿಗೆ ಖುಷಿಯಾಗಿ ಇಬ್ಬರೂ ಸೇರಿ ಒಂದು ಪುಸ್ತಕ ಬರೆಯಿರಿ, ಕೊನೆಯ ಅಧ್ಯಾಯದಲ್ಲಿ ಯಾರು ಸರಿ ಅನ್ನುವುದು ಗೊತ್ತಾಗಲಿ ಅಂದರು. ಅವನು ಸರಿಯಾದರೆ ಅವಳ ಪುಸ್ತಕ, ಹೆಸರು, ಒಳಗಿನವಳು ಅನ್ನುವ ಆ ಒಂದು ಪದವಿ, ಎಲ್ಲ ಹೋಯಿತು. ಆಗಲೇ ಅವಳಿಗೆ ಹೊಳೆದದ್ದು, ಬನ್ನಿ, ನಮ್ಮತ್ತೆ ಮನೆಗೇ ಹೋಗೋಣ, ಅವರ ಬಲಗೈಯ ಕಿರುಬೆರಳು ಮೋಟು, ನಾನು ಮಗುವಾಗಿದ್ದಾಗ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿದ್ದು, ಅದನ್ನು ಮೊದಲೇ ಹೇಳಿಬಿಡ್ತೀನಿ, ನೀವೇ ಕೇಳಿ, ನಾನು ನಡುವೆ ಬಾಯಿ ಹಾಕುವುದಿಲ್ಲ, ಮೇವಿನ ಮಿಷನ್ನಿನಲ್ಲಿ ನಿಮಗೆ ದೇವರು ಕಾಣಿಸುತ್ತಾನೋ ಇಲ್ಲವೋ ನೋಡೋಣ, ಅದನ್ನೇ ಕೊನೆ ಅಧ್ಯಾಯ ಮಾಡೋಣ. ಒಪ್ಪಿಕೊಂಡ ಪೆದ್ದ.

ಊರು ಬಂದದ್ದು ಅವಳಿಗೇ ಗೊತ್ತಾಗಲಿಲ್ಲ, ಏರಿಯ ಮೇಲಿನ ಹುಣಸೆಮರ ಎಲ್ಲಿ ಹೋಯಿತು, ಅಲ್ಲಿ ಬಣ್ಣಬಣ್ಣದ ಬಾವುಟ ನೆಟ್ಟು ಸೈಟು ಮಾಡಿದ್ದಾರೆ, ಕನ್ನಡ ಒಂದು, ತಮಿಳು ಒಂದು, ಇಂಗ್ಲಿಷು ಒಂದು ಬೋರ್ಡು, ಮೂರರಲ್ಲೂ ತಪ್ಪು, ಅನಿರುದ್ಧ ಅದರ ಫೋಟೊ ತೆಗೆಯುತ್ತಾನೆ, ತೆಗೆಯಲೇಬೇಕು, ಅವನ ಕಣ್ಣಿಗೆ ಎಲ್ಲವೂ ಏನೋ ಒಂದು ಅರ್ಥ. ಬಾಗಿಲಲ್ಲಿ ಸುಬ್ರಮಣಿ, ಅತ್ತೆಯ ಮಗ, ಅವಳಿಗೆ ಬಾವ, ಫ್ಯಾಕ್ಟರಿಯ ನೀಲಿ ಶರಟು ಹಾಕಿಕೊಂಡೇ ಹಸುವಿಗೆ ನೀರಿಡುತ್ತಿದ್ದಾನೆ, ಏನಮ್ಮಿ ಒಂದು ಫೋನ್ ಮಾಡಿದ್ರೆ ಸರ್ಕಲ್ ತಾವ್ಕೇ ಬತ್ತಿದ್ನಲ್ಲ, ನಂದು ಇವತ್ತು ಸೆಕೆಂಡ್ ಶಿಫ್ಟು, ಈ ಸಾರು ಯಾರು, ಆಪೀಸರಾ — ಅಲ್ಲ ಬಾವ, ಪ್ರೊಫೆಸರು — ಓ ಎಲ್ಡೂ ಒಂದೇ ಬುಡು, ಲೈನ್ ಸೂಪರ್‌ವೈಸರ್ ತರಾನೇ, ಬನ್ನಿ ಸಾರ್ ಕುಂತ್ಕಳಿ. ಇವನನ್ನು ಮದುವೆಯಾಗಬೇಕಿತ್ತಂತೆ ಅವಳು, ಅಪ್ಪ ಆವುಲಪ್ಪನ ಬಳಿ ಒಂದೆರಡು ಸಲ ಮಾತು ಬಂದು, ಇದು ಓದೋ ಮಗ, ಸುಮ್ಕಿರ್ರಿ ಅಂತ ಅಪ್ಪ ತಳ್ಳಿಹಾಕಿದ್ದ, ಈಗ ನೋಡಿದರೆ ಹೊಟ್ಟೆ ಬಂದಿದೆ, ಮೊಬೈಲಿನಲ್ಲಿ ಯಾವುದೋ ತೆಲುಗು ಸಿನಿಮಾದ ಹಾಡು, ಅದನ್ನು ನಿಲ್ಲಿಸಬೇಕು ಅನ್ನುವ ಬುದ್ಧಿಯೂ ಇಲ್ಲ. ಇವರನ್ನೆಲ್ಲ ಅವಳು ಪುಸ್ತಕದಲ್ಲಿ ಎಷ್ಟು ಗೌರವದಿಂದ ಬರೆದಿದ್ದಾಳೆ, ಎದುರಿಗೆ ಕಂಡರೆ ಮಾತ್ರ ಮೈ ಉರಿಯುತ್ತದೆ.

ಬಾರವ್ವ, ಅಂದಳು ಅತ್ತೆ ಒಳಗಿನಿಂದ, ಎಷ್ಟು ಸಣ್ಣಗಾಗ್ಬುಟ್ಟಿದ್ದೀಯೆ, ಅಲ್ಲಿ ಉಣ್ಣಾಕಿಕ್ಕಾಕಿಲ್ವಾ — ಬೆನ್ನು ಬಾಗಿದೆ, ಕೂದಲು ಪೂರ್ತಿ ಬೆಳ್ಳಗೆ, ಆದರೆ ಕೈ ಅದೇ, ಅಮ್ಮ ಹೆತ್ತು ಕಣ್ಣು ಮುಚ್ಚಿದ ಮೇಲೆ ಮಾಲಾಗೆ ಎಣ್ಣೆ ತಿಕ್ಕಿದ ಕೈ, ಹೇನು ತೆಗೆದ ಕೈ, ತಟ್ಟೆ ಮುಂದೆ ಕೂರಿಸಿ ಮುದ್ದೆ ಮುರಿದು ಬಾಯಿಗೆ ಇಟ್ಟ ಕೈ, ಆ ಕೈಯಲ್ಲಿ ಸ್ಟೀಲು ಲೋಟ ಹಿಡಿದು ಬಂದಳು, ನಾಲ್ಕು ಬೆರಳು ಲೋಟದ ಸುತ್ತ, ಕಿರುಬೆರಳಿನ ಜಾಗದಲ್ಲಿ ಒಂದು ಮೋಟು, ಅದು ಲೋಟಕ್ಕೆ ತಾಗದೆ ಗಾಳಿಯಲ್ಲೇ ಉಳಿಯುತ್ತದೆ. ಅನಿರುದ್ಧ ನೋಡಿದ. ಬಿತ್ತು, ಅಂದುಕೊಂಡಳು ಮಾಲಾ, ನೋಡು ಹೇಗೆ ಕಣ್ಣು ಅಲ್ಲೇ ಅಂಟಿಕೊಂಡಿತು, ಕಾಫಿ ಬಿಸಿಯಿದೆ ಅನ್ನುವುದೂ ತಿಳಿಯದೆ ಲೋಟದ ಮೈಯನ್ನೇ ಹಿಡಿದು ಬೆರಳು ಸುಟ್ಟುಕೊಂಡ, ಅತ್ತೆ ಬಾಯಿತುಂಬ ನಕ್ಕಳು, ಸೆರಗಲ್ಲಿ ಇಡ್ಕಳಿ ಸಾಮಿ ಅಂದವಳು, ಇವನಿಗೆ ಸೆರಗೆಲ್ಲಿ ಅಂತ ಮತ್ತೆ ನಕ್ಕಳು. ರೆಕಾರ್ಡರನ್ನು ಎತ್ತಿ ತೋರಿಸಿ, ಇದನ್ನು ಹಾಕಬಹುದೇ ಅಮ್ಮ ಅಂದ, ಆಕ್ಕಳಿ, ಎಲ್ಲಾರೂ ಅದ್ನೇ ಆಕೋದು ಅಂದಳು, ಇಷ್ಟಾದ ಮೇಲೆ ಅವನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತ, ಕೂರಲೇಬೇಕಲ್ಲ, ಅದೂ ಪಾಠದಲ್ಲೇ ಇದೆ, ಮಾತಾಡಿಸುವವರ ಮಟ್ಟಕ್ಕೆ ಇಳಿಯಿರಿ, ಅತ್ತೆ ಮಾತ್ರ ಮಣೆ ಎಳೆದುಕೊಂಡು ಅವನಿಗಿಂತ ಒಂದು ಗೇಣು ಮೇಲೆಯೇ ಕೂತಳು.

ಅಮ್ಮ, ನಿಮ್ಮ ಬೆರಳಿಗೆ ಏನಾಯಿತು ಅಂತ ಕೇಳಬಹುದೇ. ಎಂಥ ಶುದ್ಧ ಕನ್ನಡ, ರೇಡಿಯೊ ಕೇಳಿದ ಹಾಗೆ. ಮೇವಿನ ಮಿಷನ್ ಸಾರ್, ಅಂದ ಸುಬ್ರಮಣಿ ಹಸುವಿನ ಪಕ್ಕದಿಂದಲೇ, ಆಗ ಅದಕ್ಕೆ ಗಾರ್ಡ್ ಇರ್ತಿರ್ಲಿಲ್ಲ, ಸೇಫ್ಟಿ ಏನೂ ಇಲ್ಲ, ನಮ್ ಫ್ಯಾಕ್ಟ್ರೀಲಿ ಅಂಗಾದ್ರೆ ಲೈನೇ ನಿಲ್ಲಿಸ್ಬುಡ್ತಾರೆ. ಮಾಲಾ ಸುಮ್ಮನೆ ಕಾಫಿ ಕುಡಿದಳು, ಅಲ್ಲಿಗೆ ಮುಗಿಯಿತು, ಕೊನೆಯ ಅಧ್ಯಾಯ ಇಷ್ಟು ಚಿಕ್ಕದು. ಆದರೆ ಅತ್ತೆ ಅನಿರುದ್ಧನನ್ನೇ ನೋಡುತ್ತಿದ್ದಾಳೆ, ಸಂತೆಯಲ್ಲಿ ಹೊಸ ದನ ನೋಡುವ ಹಾಗೆ ಮೇಲಿಂದ ಕೆಳಗೆ, ಯಾವೂರು ಸಾಮಿ ನಿಮ್ದು — ಹುಟ್ಟಿದ್ದು ಬೆಂಗಳೂರಮ್ಮ, ಈಗಿರೋದು ಕೆನಡಾ — ಅದು ದೂರ್ವಾ — ತುಂಬ ದೂರ — ನಮ್ ಕಡೆ ನೆಂಟ್ರು ಗಿಂಟ್ರು ಯಾರಾರ ಅವ್ರಾ ನಿಮ್ಗೆ — ಯಾರೂ ಇಲ್ಲಮ್ಮ — ಅಂಗಾದ್ರೆ ನಿಮ್ಗೆ ಹೇಳ್ಬೋದು, ಅಂದಳು ಅತ್ತೆ. ಸುಬ್ರಮಣಿ ಮತ್ತೆ ಮಿಷನ್ ಅನ್ನಲು ಬಾಯಿ ತೆರೆದ. ನೀನ್ ಸುಮ್ಕಿರ್ಲಾ, ನೀನಾಗ ಚಡ್ಡಿ ಆಕ್ಕಳಾದು ಕಲ್ತಿರ್ಲಿಲ್ಲ, ನಿಂಗೇನ್ ಗೊತ್ತು.

ಇವಳಿಗೇನಾಯಿತು, ಅಂದುಕೊಂಡಳು ಮಾಲಾ, ಏನೋ ಕಟ್ಟುತ್ತಿದ್ದಾಳೆ, ಕಟ್ಟಿಯೇ ಕಟ್ಟುತ್ತಾಳೆ, ದೂರದಿಂದ ಬಂದವನನ್ನು ಬರಿಗೈಲಿ ಕಳಿಸಬಾರದು ಅಂತ, ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಾಳೆ ಮಾಲಾ, ಬಂದವರಿಗೆ ಏನು ಬೇಕೋ ಅದನ್ನು ನಮ್ಮವರು ಬಡಿಸುತ್ತಾರೆ, ಕೋಳಿ ಬೇಕೆಂದರೆ ಕೋಳಿ, ದೇವರು ಬೇಕೆಂದರೆ ದೇವರು, ಇವನ ಮುಖದಲ್ಲಿ ಹಸಿವು ಕಂಡಿದೆ ಮುದುಕಿಗೆ, ನೋಡಿ ಅನಿರುದ್ಧರೇ, ನಾನು ಹೇಳಲಿಲ್ಲವೆ ಅನ್ನಲು ಮಾಲಾ ಮಾತು ಜೋಡಿಸಿಕೊಳ್ಳುತ್ತಿದ್ದಾಳೆ, ಅಷ್ಟರಲ್ಲಿ ಅತ್ತೆ ಹೇಳುತ್ತಿದ್ದಾಳೆ, ಈ ಮಗಿಗೆ ಕಿವಿ ಚುಚ್ಸಾಕೆ ಅಂತ ಎಲ್ಲಾರೂ ಸೇರಿದ್ವಿ ಸಾಮಿ, ತಾಯಿ ಇಲ್ದಿದ್ ಮಗ, ತಾಯಿ ಜಾಗದಾಗೆ ನಾನೇ ಕುಂತಿದ್ದೆ, ನಿಜವಾದ ಬೆರಳು ನಮ್ಮೋರ್ಯಾರೂ ಕೊಡ್ತಿರ್ಲಿಲ್ಲ, ನಮ್ಮವ್ವ ಕೊಡ್ಲಿಲ್ಲ, ಅವ್ರವ್ವ ಕೊಡ್ಲಿಲ್ಲ, ತಂಬಿಟ್ಟಿನಾಗೆ ಬೆರಳು ಮಾಡಿ ಎಲೆ ಮ್ಯಾಲೆ ಮಡಗಿದ್ದೆ, ಬೆಲ್ಲ ಜಾಸ್ತಿ ಆಕಿದ್ದೆ ಘಮಘಮ ಅಂತಿತ್ತು — ನೋಡಿ, ಹಿಟ್ಟಿನ ಬೆರಳು, ಅಂದುಕೊಂಡಳು ಮಾಲಾ, ನನ್ನ ಪುಸ್ತಕದ ಸಾಲುಸಾಲೂ ಇದೇ, ಅನಿರುದ್ಧನತ್ತ ನೋಡಿ ಹುಬ್ಬು ಏರಿಸಿದಳು, ಅವನು ನೋಡಲಿಲ್ಲ — ಪೂಜಾರಿ ಮಂಗಳಾರತಿ ಬೆಳಗ್ತಾವ್ನೆ, ಎಲ್ಲಾರೂ ಕಣ್ಣು ಮುಚ್ಕಂಡು ಕೈ ಮುಗ್ದವ್ರೆ, ಕಣ್ಣು ಬುಟ್ಟು ನೋಡ್ತೀನಿ, ಎಲೆ ಮ್ಯಾಲೆ ಬೆರಳಿಲ್ಲ. ತೊಡೆ ಮ್ಯಾಲೆ ಕುಂತಿರೋ ಮಗಿನ ಬಾಯಿ ತುಂಬ ಹಿಟ್ಟು. ದೇವ್ರಿಗೆ ಕೊಡೋ ಬೆರಳು ತಿಂದ್ಬುಟ್ಟವ್ಳೆ.

ಸುಬ್ರಮಣಿ ಕಿಸಕ್ಕನೆ ನಕ್ಕ, ಮಾಲಾ ಕೂಡ ನಗಬೇಕೆಂದುಕೊಂಡಳು, ಬಾಯಿ ಅಷ್ಟಕ್ಕೇ ನಿಂತಿತು. ಯಾರೂ ನಗ್ಲಿಲ್ಲ ಅವತ್ತು, ಅಂದಳು ಅತ್ತೆ, ಇನ್ನೊಂದು ಮಾಡಿ ಇಕ್ಕಣ ಅಂದ್ರು, ಪೂಜಾರಿ, ಎಡೆಗೆ ಇಕ್ಕಿದ್ದು ಇಕ್ಕಿದ್ದೇ, ಎಂಜಲಾದ್ ಮ್ಯಾಲೆ ಇನ್ನೊಂದು ಇಕ್ಕಾದಲ್ಲ, ಏನಾಯ್ತದೋ ನೋಡನ ಅಂದ್ಬುಟ್ಟ, ಕಿವಿ ಚುಚ್ಚಿದ್ರು, ಸಂಜೆಗೆ ಮಗಿಗೆ ಮೈಯೆಲ್ಲ ಕೆಂಡ, ಕಿವಿ ಕೆಂಪಗೆ ಊದ್ಕಂತು, ಹಾಲು ಕುಡಿಯಾಕಿಲ್ಲ, ಕಣ್ಣು ಬುಡಾಕಿಲ್ಲ, ನಮ್ಮಣ್ಣ ಆವುಲಪ್ಪ ಹೊಸೂರಿಂದ ಡಾಕ್ಟ್ರು ಕರ್ಕಂಡು ಬತ್ತೀನಿ ಅಂತ ಸೈಕಲ್ ತಗಂಡು ಹೋದ. ನನ್ ಮನಸ್ಸು ತಡೀಲಿಲ್ಲ ಸಾಮಿ. ದೇವ್ರು ಬೆರಳಿಗೆ ಕಾಯ್ಕಂಡವ್ನೆ, ನಾವು ಮಗಿನ ಕೈಲಿ ತಿನ್ನಿಸ್ಬುಟ್ವಿ, ಕೊಡೋರ್ಯಾರು, ಅವ್ಳವ್ವ ಇದ್ದಿದ್ರೆ ಅವ್ಳು ಕೊಡ್ತಿದ್ಳೋ ಏನೋ, ಹೊಸ್ಲು ಮ್ಯಾಲೆ ಕೈ ಮಡಗ್ದೆ, ಬಲಗೈದೇ ಆಗ್ಬೇಕು, ಅದಕ್ಕೆ ಎಡಗೈಲಿ ಕುಡ್ಲು ಇಡ್ಕಂಡೆ. ಎಡಗೈಲಿ ವಾಟ ಸಿಗಾಕಿಲ್ಲ, ಓರೆ ಆಗೋಯ್ತು ನೋಡಿ.

ಕೈ ಮುಂದೆ ಚಾಚಿದಳು, ಅನಿರುದ್ಧನಿಗೆ, ಮಾಲಾಗಲ್ಲ, ಮೋಟಿನ ತುದಿ ಓರೆಯಾಗಿದೆ, ಒಳಗಡೆಯಿಂದ ಹೊರಕ್ಕೆ ಇಳಿದ ಹಾಗೆ, ಯಾವಾಗಿನಿಂದ ಓರೆ, ಯಾವಾಗಲೂ ಓರೆ, ಬೆನ್ನಿಗೆ ಎಣ್ಣೆ ತಿಕ್ಕುವಾಗ ಆ ಓರೆ ಅಂಚು ತಾಗುತ್ತಿದ್ದದ್ದು ಅವಳಿಗೆ ಗೊತ್ತು, ಮೇವಿನ ಮಿಷನ್ನಿನ ಬ್ಲೇಡು ಓರೆಯಾಗಿ ಕತ್ತರಿಸುವುದೇ ಇಲ್ಲ, ಅದೂ ಗೊತ್ತು, ಬೆಳೆದದ್ದೆಲ್ಲ ಆ ಮಿಷನ್ನಿನ ಪಕ್ಕ, ಎಷ್ಟು ಸಲ ಮೇವು ಕೊಟ್ಟಿಲ್ಲ ಅದಕ್ಕೆ, ಎರಡೂ ಗೊತ್ತಿದ್ದು ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ, ಯಾಕೆ, ಯಾಕೆಂದರೆ ಅದು ಅವಳ ಮನೆ. ಥೂ, ಇವನ ವಾಕ್ಯ. ಇವನ ವಾಕ್ಯ ತನ್ನ ತಲೆಯೊಳಗೆ ಹೇಗೆ ಬಂದು ಕೂತಿತು. ಆಸ್ಪತ್ರೇಲಿ ನರ್ಸಮ್ಮ ಎನ್ನಾಚ್ಚು, ಏನಾಯ್ತು ಅಂತ ಕೇಳಿದ್ಳು, ಅನ್ನುತ್ತಿದ್ದಾಳೆ ಅತ್ತೆ, ನಮ್ಮಣ್ಣನೇ ಮಿಷನ್ನು ಅಂದ, ಮನೇಗ್ ಬಂದ್ ಮ್ಯಾಲೆ ನನ್ ಮುಂದೆ ಕುಂತು ಅತ್ತ, ಮಂಗೂ ಇದು ಓದೋ ಮಗ ಆಯ್ತದೆ, ತನಗೋಸ್ಕರ ಅಂತ ಗೊತ್ತಾದ್ರೆ ಅದಕ್ಕೆ ಅನ್ನ ಇಳಿಯಾಕಿಲ್ಲ, ಮಿಷನ್ನು ಅಂತ್ಲೇ ಇರ್ಲಿ ಅಂದ, ಇರ್ಲಿ ಬುಡು ಅಂದೆ. ಜ್ವರ ಬುಡ್ತಾ ಅಮ್ಮ, ಅಂದ ಅನಿರುದ್ಧ, ಅವನ ದನಿ ರೇಡಿಯೊದ ಹಾಗಿರಲಿಲ್ಲ. ಬುಡ್ತಲ್ಲ, ಎದುರಿಗೇ ಕುಂತವ್ಳೆ ನೋಡಿ. ಡಾಕ್ಟ್ರು ಸೂಜಿ ಚುಚ್ಚಿದ್ರು, ನಾನು ಬೆರಳು ಕೊಟ್ಟೆ, ಯಾವ್ದಕ್ಕೆ ಬುಡ್ತೋ ಯಾರಿಗ್ ಗೊತ್ತು.

ನನಗ್ಯಾಕೆ ಹೇಳಲಿಲ್ಲ ಅತ್ತೆ, ಈ ಮಾತು ತನ್ನದೇ ಅನ್ನುವುದು ಮಾಲಾಗೆ ಹೇಳಿ ಮುಗಿದ ಮೇಲೆ ತಿಳಿಯಿತು, ಊರೂರು ತಿರುಗಿದೆ, ಪ್ರತಿ ಮನೆಗೆ ಹೋದೆ, ಯಾರ ಮನೇಲಿ ಕೊಟ್ಟಿದ್ರು ಅಂತ ಕೇಳ್ದೆ, ಸಂಜೆ ಬಂದು ನಿನ್ನ ಕೈ ಊಟಾನೇ ಉಣ್ತಿದ್ದೆ. ಊರೆಲ್ಲಾ ಕೇಳ್ದೆ ಕಣವ್ವ, ಅಂದಳು ಅತ್ತೆ, ನನ್ನ ಕೇಳ್ದಾ? ನಿಂಗೆ ಗೊತ್ತಿತ್ತಲ್ಲ. ಗೊತ್ತಿರೋರು ಕೇಳಾಕಿಲ್ಲ, ಈ ಸಾಮಿಗೆ ಗೊತ್ತಿರ್ಲಿಲ್ಲ, ಕೇಳಿದ್ರು, ದೂರದೋರು, ನಾಳೀಕೆ ಹೊಂಟೋಗ್ತಾರೆ, ಇವ್ರ ಮುಂದೆ ನಾಚ್ಕೆ ಏನು. ಆಮ್ಯಾಲೆ ನೀನು ಪುಸ್ತಕದಾಗೆ ಬರ್ದಿದ್ದೀಯಂತಲ್ಲ, ನಮ್ಮೋರು ಅಂಗೆಲ್ಲ ಮಾಡ್ಲಿಲ್ಲ ಅಂತ, ಸುಬ್ರಮಣಿ ಹೇಳ್ದ, ಒಳ್ಳೇದೇ ಬರ್ದವ್ಳೆ, ಅಂಗೇ ಇರ್ಲಿ ಅಂದ್ಕಂಡೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅತ್ತೆ ನಗುತ್ತ ಅಂದಳು, ಮಗು ಚೆನ್ನಾಗಿ ಓದಿದೆ ಅನ್ನುವ ಹಾಗೆ.

ಇನ್ನು ಇವನ ಸರದಿ, ಹಲ್ಲು ಬಿಡುತ್ತಾನೆ, ಬಿಡಲಿ, ಗೆದ್ದಿದ್ದಾನಲ್ಲ, ಅಂತ ತಿರುಗಿದರೆ ಅನಿರುದ್ಧ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದ, ಅದನ್ನು ಜೋಳಿಗೆಯೊಳಗೆ ಹಾಕಿದ, ಅವಳ ಕಡೆ ಬಾಗಿ ಇಂಗ್ಲಿಷಿನಲ್ಲಿ, ತೀರ ಮೆಲ್ಲಗೆ, ಇದನ್ನು ಸೇರಿಸುವುದು ಬೇಡ ಮಾಲಾ, ಇದು ನಿಮ್ಮ ಮನೆಯದು, ಇದನ್ನು ಅಳಿಸಿಬಿಡ್ತೀನಿ ಅಂದ. ಅಬ್ಬಾ, ಎಂಥ ದೊಡ್ಡಸ್ತಿಕೆ, ದಾನ ಮಾಡುತ್ತಿದ್ದಾನೆ, ಅವಳ ಪುಸ್ತಕವನ್ನು ಅವಳಿಗೇ ಭಿಕ್ಷೆ ಹಾಕುತ್ತಿದ್ದಾನೆ, ಅವನ ಕಣ್ಣಲ್ಲಿ ನೀರು ಬೇರೆ, ಆ ನೀರು ನಾಟಕವಲ್ಲ ಅನ್ನುವುದು ಇನ್ನೂ ಅಸಹ್ಯ, ಯಾರು ಕೇಳಿದರು ಇವನ ಕರುಣೆ, ಇದು ನನ್ನದು, ಬೇಡ ಅನ್ನುವ ಹಕ್ಕು ಇವನಿಗೆಲ್ಲಿದೆ, ಬರೆದರೆ ನಾನು ಬರೆಯಬೇಕು, ಬರೆಯುತ್ತೇನೆ, ಬರೆದರೆ ಹೇಗಿರುತ್ತದೆ — ಯಾವ ಮಗುವಿಗಾಗಿ ಕೊನೆಯ ಬೆರಳು ಕೊಡಲಾಯಿತೋ ಆ ಮಗು ನಾನು — ಸಭೆಯಲ್ಲಿ ಎದ್ದು ನಿಂತು ಮೊದಲ ಸಾಲಾಗಿ ಇದನ್ನು ಹೇಳಿದರೆ, ಮೈಕು ಸರಿಮಾಡಿಕೊಂಡು, ಒಂದು ಕ್ಷಣ ಸುಮ್ಮನಿದ್ದು, ಯಾರು ಉಸಿರೆತ್ತುತ್ತಾರೆ ಆಮೇಲೆ, ಆ ದೆಹಲಿಯವಳು ಎತ್ತುತ್ತಾಳೆಯೆ, ಆ ಮುದುಕ ಎತ್ತುತ್ತಾನೆಯೆ, ಎಲ್ಲರೂ ಮುಂದಕ್ಕೆ ಬಾಗಿ ಕೂರುತ್ತಾರೆ, ಈ ಅನಿರುದ್ಧನೂ ಬಾಗುತ್ತಾನೆ, ಇದಕ್ಕಿಂತ ಒಳಗಿನವರು ಇನ್ನು ಯಾರಿದ್ದ— ಛೀ. ಛೀ ಛೀ. ನೆತ್ತರು ಇನ್ನೂ ಹೊಸ್ತಿಲ ಮೇಲಿದೆ, ಇವಳು ಆಗಲೇ ವಾಕ್ಯ ತಿದ್ದುತ್ತಿದ್ದಾಳೆ. ಇಷ್ಟು ಹೊತ್ತು ಬೆಳಗಿನಿಂದ ಅವಳು ಯಾರನ್ನು ನೋಡಿ ಮೂಗು ಮುರಿಯುತ್ತಿದ್ದಳೋ ಅವರೆಲ್ಲ ಇವಳ ಮುಂದೆ ಎಷ್ಟೋ ಮೇಲು.

ಯಾಕವ್ವ ಮಖ ಇಂಗ್ ಮಾಡ್ಕಂಡೆ, ಅಂದಳು ಅತ್ತೆ, ಮಣೆಯಿಂದ ಎದ್ದು ಹತ್ತಿರ ಬಂದಳು, ಸೆರಗಿನಲ್ಲಿ ಮಾಲಾಳ ಹಣೆ ಒರೆಸಿದಳು, ಇದಕ್ಕೇ ನಿಮ್ಮಪ್ಪ ಹೇಳ್ಬ್ಯಾಡ ಅಂದಿದ್ದು, ಆಗೋಗಿದ್ದು ಆಗೋಯ್ತು, ಒಂದು ಬೆರಳಿಲ್ದಿದ್ರೆ ಏನ್ ಮುದ್ದೆ ತಿರುವಕಾಗಾಕಿಲ್ವಾ, ಕಿವಿಗೊಂದು ಓಲೆ ಆಕ್ಕಬಾರ್ದಾ, ಬೋಳು ಬೋಳು — ಕೂದಲು ಹಿಂದಕ್ಕೆ ಸರಿಸಿದಳು, ಬೇಡ ಅತ್ತೆ ಅನ್ನಬೇಕು, ಮುಖ ತಿರುಗಿಸಬೇಕು, ಆಗಲಿಲ್ಲ, ಎಷ್ಟು ವರ್ಷವಾಯಿತು, ಡೆನ್ಮಾರ್ಕಿಗೆ ಹೋದ ಮೊದಲ ಚಳಿಗಾಲದಲ್ಲೇ ತೆಗೆದಿಟ್ಟದ್ದು, ಓಲೆ ತಣ್ಣಗೆ ಕೊರೆಯುತ್ತಿತ್ತು, ಟೋಪಿಗೆ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೇ ಕಾರಣ, ಆಮೇಲೆ ಹಾಕುವುದು ಮರೆತುಹೋಯಿತು — ಅತ್ತೆಯ ಬೆರಳುಗಳು ಕಿವಿಯ ಹಾಲೆ ಹಿಡಿದಿವೆ, ಉಳಿದವು ಹಿಡಿದುಕೊಂಡಿವೆ, ಮೋಟು ಮುಟ್ಟಿ ನೋಡುತ್ತಿದೆ, ಓರೆ ಅಂಚು, ಒರಟು, ಬಿಸಿ. ಅಯ್ಯೋ, ಎಲ್ಲವ್ವ ತೂತು. ಬೆಳಕಿಗೆ ತಿರುಗಿಸಿದಳು. ಮುಚ್ಕಂಡ್ಬುಟ್ಟೈತಾ. ಇಲ್ಲ, ಇರ್ತದೆ, ಎಲ್ಲೋಯ್ತದೆ, ಇಲ್ಲೇ ಇರ್ಬೇಕು, ನನ್ ಕಣ್ಣು ಕಾಣಾಕಿಲ್ಲ, ತಡಿ — ಮೋಟು ಬೆರಳು ಹಾಲೆಯ ಮೇಲೆ ಮೆಲ್ಲಗೆ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ, ಮಾಲಾ ಅಲುಗುವುದಿಲ್ಲ, ಮೋಟು ಬೆರಳು ಹುಡುಕುತ್ತಿದೆ, ನುಣ್ಣಗಿರುವ ಕಡೆಯೆಲ್ಲ ಹುಡುಕುತ್ತಿದೆ, ಇಲ್ಲೇ ಇತ್ತಲ್ಲ, ಇಲ್ಲೇ ಇತ್ತಲ್ಲ, ಮೋಟು ಬೆರಳು